ಆಲೂಗಡ್ಡೆ ಬೀದಿಯಲ್ಲಿ ತನಿಖೆ

ತಾರ್ತುವಿನ ಈ ಕೇರಿಗೆ ಸೂಪಿನೂರು ಎಂದೇ ಹೆಸರು.
ಹುರುಳಿಕಾಯಿ ಬೀದಿ, ಬಟಾಣಿ ಬೀದಿ,
ನಮ್ಮದು ಆಲೂಗಡ್ಡೆ ಬೀದಿ.
ಮರದ ಮನೆ, ಆರು ಬಾಡಿಗೆ, ಒಂದೇ ಮೆಟ್ಟಿಲು,
ಮೆಟ್ಟಿಲ ತಿರುವಿನಲ್ಲಿ ತೆಂಕು ಕಿಟಕಿ.
ಫೆಬ್ರವರಿಯ ಬಿಸಿಲು, ಎಲ್ಲರಿಗೂ ಒಂದೊಂದೇ ಗುಟುಕು;
ಹಾಗಾಗಿ ಎಲ್ಲರ ಕುಂಡಗಳೂ ಅಲ್ಲೇ, ಭುಜಕ್ಕೆ ಭುಜ ತಾಗಿಸಿ.

ಮೊದಲು ಕಂಡವಳು ಮಾಯ್ಮು. ಅವಳ ಕಾಫಿಯಲ್ಲಿ ಬಿದ್ದಿತ್ತು
ಅಲ್ಪವಿರಾಮದಷ್ಟು ಕಪ್ಪು, ಅದಕ್ಕೆ ಎರಡು ರೆಕ್ಕೆ.
ಮರುದಿನ ಹೆಲ್ಡೂರನ ಮೂಗಿನ ಮುಂದೆ ಒಂದು.
ವಾರದೊಳಗೆ ಕಿಟಕಿಯ ಗಾಜಿನ ತುಂಬ
ಮುಗಿಯದ ವಾಕ್ಯದ ಹಾಗೆ ನುಸಿ.

'ನಿಂಬೆ ಬಂದಮೇಲೇ ಶುರುವಾದದ್ದು' ಅಂದ ಹೆಲ್ಡೂರ್,
ಯಾರಿಗೂ ಹೇಳದವನಂತೆ, ಎಲ್ಲರಿಗೂ ಕೇಳಿಸುವಂತೆ.
ನಿಂಬೆ ಐದನೇ ನಂಬರಿನ ಝೊರ್ಯಾನಾಳದು.
ಹೆರ್ಸೋನ್ ಬಿಡುವಾಗ ಕೋಟಿನ ಜೇಬಿನಲ್ಲಿ
ಎರಡು ಬೀಜ ಇದ್ದವಂತೆ; ಒಂದು ಮೊಳೆಯಿತು.
ಮೊಸರಿನ ಡಬ್ಬಿಯಲ್ಲಿ ಗೇಣುದ್ದ, ಏಳೇ ಎಲೆ,
ಮುಳ್ಳು ಕೂಡ ಇನ್ನೂ ಬಲಿತಿಲ್ಲ.
ಅವಳು ಏನೂ ಅನ್ನಲಿಲ್ಲ. ಸಂಜೆ ನೋಡಿದರೆ
ಡಬ್ಬಿ ಕಿಟಕಿಯಲ್ಲಿರಲಿಲ್ಲ.

ನಲವತ್ತು ವರ್ಷ ಗಡಿಯಾರ ಬಿಚ್ಚಿದವನು ನಾನು.
ನಿಂತುಹೋಯಿತೆಂದು ಮುಳ್ಳನ್ನು ಬೈದು ಫಲವಿಲ್ಲ,
ಒಳಗೆ ನೋಡಬೇಕು. ಅಷ್ಟು ಬಲ್ಲೆ.
ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ
ಒಂದೊಂದೇ ಕುಂಡದ ಮೇಲೆ ಬಾಗಿದೆ.

ಲೈಡಾಳ ಜರೀಗಿಡಕ್ಕೆ ನೀರು ಹೊಯ್ದರೆ
ಬಿಳಿ ರವೆ ಪುಟಪುಟ ಹಾರಿತು: ಜಿಗಿಹುಳು.
ಬಾಲದಡಿ ಮಡಚಿಟ್ಟ ಸ್ಪ್ರಿಂಗು, ನನ್ನ ಕಸುಬಿನವೇ.
ಕೊಳೆತದ್ದನ್ನು ತಿಂದು ಬಾಳುವ ಬಡಪಾಯಿಗಳು, ಇರಲಿ ಬಿಡಿ.
ಮಾಯ್ಮುವಿನ ಕಳ್ಳಿಯನ್ನು ಬುಡಸಮೇತ ಎತ್ತಿದರೆ
ಬೇರಿಗೆ ಹತ್ತಿಯ ಚೂರು: ಹಿಟ್ಟುತಿಗಣೆ. ಇದು ಬೇರೆಯೇ ಕಥೆ.
ಮಣ್ಣು ಪೂರ್ತಿ ಉದುರಿಸಿ, ಬೇರು ತೊಳೆದು,
ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚ ಆಡಿಸಿ,
ಒಣಗಿಸಿ, ಹೊಸ ಮಣ್ಣಿಗೆ ಹಾಕಿದೆ.
ಆದರೆ ನುಸಿಯ ತವರು ಯಾವ ಕುಂಡ?

ಬೀದಿಯ ಹೆಸರೇ ಉಪಾಯ ಹೇಳಿಕೊಟ್ಟಿತು.
ಒಂದು ಆಲೂಗಡ್ಡೆ, ಬಿಲ್ಲೆಬಿಲ್ಲೆಯಾಗಿ ಹೆಚ್ಚಿ
ಪ್ರತಿ ಕುಂಡದ ಮಣ್ಣಿಗೂ ಒಂದೊಂದು ಒತ್ತಿಟ್ಟೆ.
ಐದನೇ ನಂಬರಿನ ಬಾಗಿಲು ತಟ್ಟಿ
ಮೊಸರಿನ ಡಬ್ಬಿಗೂ ಒಂದು.
ಎರಡು ರಾತ್ರಿ. ಹೊರಗೆ ಮೈನಸ್ ಹತ್ತೊಂಬತ್ತು.

ನಿಂಬೆಯ ಬಿಲ್ಲೆ ಎತ್ತಿದೆ: ಏನೂ ಇಲ್ಲ.
ಹೆಲ್ಡೂರನ ಜಿರೇನಿಯಂ: ಏನೂ ಇಲ್ಲ.
ಕೊನೆಗೆ ಉಳಿದದ್ದು ನನ್ನದೇ ಕ್ಲೈವಿಯಾ,
ಮೂವತ್ತೊಂದು ವರ್ಷದ್ದು, ವೈಕೆ ನೆಟ್ಟದ್ದು.
ಅವಳು ಹೋದಮೇಲೆ ದಿನಾ ಬೆಳಿಗ್ಗೆ
ಬಾಯಾರಿದೆಯೇ ಎಂದು ಕೇಳದೆ ನಾನು ನೀರು ಕುಡಿಸಿದ್ದು.
ಬಿಲ್ಲೆಯಡಿ ಹದಿನೇಳು ಎಣಿಸಿದೆ:
ಗಾಜಿನಂಥ ಮೈ, ಶಾಯಿಚುಕ್ಕೆಯಂಥ ಕರಿತಲೆ,
ಒಂದರ ಮೇಲೊಂದು, ಉಂಡು ಮಲಗಿದ ಮಕ್ಕಳ ಹಾಗೆ.

ಮೆಟ್ಟಿಲಲ್ಲೇ ನಿಂತು ಎಲ್ಲರಿಗೂ ಹೇಳಿದೆ.
ಹೆಲ್ಡೂರ್ ಕೆಮ್ಮಿದ. ಲೈಡಾ ನಕ್ಕಳು, ತಡೆಯಲಾಗಲಿಲ್ಲ ಅವಳಿಗೆ.

ಈಗ ಹಳದಿ ಫೈಲಿನ ಹಾಳೆ ಕತ್ತರಿಸಿ
ವ್ಯಾಸಲೀನ್ ಬಳಿದು ಕಡ್ಡಿಗೆ ನೆಟ್ಟಿದ್ದೇನೆ;
ಹಾರುವವು ಅಲ್ಲಿ ಅಂಟುತ್ತವೆ.
ಮಂಜಿಗೆ ಚೆಲ್ಲಲು ಇಟ್ಟ ಮರಳನ್ನು ತೊಳೆದು
ಮಣ್ಣಿನ ಮೇಲೆ ಒಂದಂಗುಲ ಹೊದಿಸಿದ್ದೇನೆ, ಮೊಟ್ಟೆಗೆ ಜಾಗವಿರದಂತೆ.
ಉಳಿದದ್ದೆಲ್ಲ ಸುಮ್ಮನಿರುವ ಕೆಲಸ,
ಮರಳಿನ ಕೆಳಗೆ ಎರಡು ಗೆಣ್ಣು ಮಣ್ಣು ಒಣಗುವ ತನಕ.

ಮೊಸರಿನ ಡಬ್ಬಿ ಕಿಟಕಿಗೆ ಮರಳಿದೆ.
ನನ್ನ ಕ್ಲೈವಿಯಾದಿಂದ ಮಾತ್ರ ಒಂದು ಮೊಳ ದೂರ ಇಟ್ಟಿದ್ದಾಳೆ.
ಸರಿಯಾಗಿಯೇ ಇದೆ.

ಬೆಳಿಗ್ಗೆ ಕೈ ತಾನಾಗಿ ಹೂಜಿಗೆ ಹೋಗುತ್ತದೆ.
ಹಿಂದೆಗೆದು ಬೆರಳನ್ನು ಮಣ್ಣಿಗೆ ಇಳಿಸುತ್ತೇನೆ.
ಇನ್ನೂ ತೇವ.